ಬಳೆ ಆಪಾ ನೋಡಿ ಬಂದ ದೇಶ

ತಾಜ್ ಮಹಲ್ ಚೆನ್ನಾಗಿದೆ, ಆದರೆ ಅಲ್ಲಿ ನೆರಳಿಲ್ಲ ಎಂದು ನನಗೆ ಮೊದಲು ಹೇಳಿದವರು ಬಳೆ ಅಂಗಡಿಯ ಆಪಾ. ಹೇಳುವಾಗ ನನ್ನ ಬಲಗೈ ಅವರ ಎರಡೂ ಕೈಗಳ ನಡುವೆ ಸಿಕ್ಕಿಕೊಂಡಿತ್ತು. ಹಸಿರು ಗಾಜಿನ ಬಳೆಯೊಂದು ಹೆಬ್ಬೆರಳಿನ ಗೆಣ್ಣಿನ ಬಳಿ ನಿಂತು, ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ಸತಾಯಿಸುತ್ತಿತ್ತು.

"ಕೈ ಸಡ್ಲ ಬುಡು ಕಣಮ್ಮಿ," ಎಂದು ನನ್ನ ಅಂಗೈ ಅಮುಕಿದರು. "ಅಷ್ಟೊಂದು ದುಡ್ ಸುರ್ದವ್ನೆ ಬಾದಷಾ, ಆ ಗೋರಿ ಪಕ್ಕದಲ್ಲಿ ಒಂದ್ ಹೊಂಗೆ ಮರ ಬೆಳ್ಸಿದ್ರೆ ಏನಾಗ್ತಿತ್ತು? ಆ ಬಿಳೀ ಕಲ್ಲು ನೋಡಿ ನೋಡಿ ನಂಗ್ ಕಣ್ ಕತ್ಲೆ ಬಂದ್ಬುಡ್ತು."

"ಪ್ರೀತಿಗೋಸ್ಕರ ಕಟ್ಟಿಸಿದ್ದಲ್ವಾ ಆಪಾ?" ಎಂದೆ ನಾನು, ನೋವು ತಡೆದುಕೊಂಡು.

"ಹದಿನಾಕ್ನೇ ಹೆರಿಗೇಲಿ ಓದ್ಲಂತೆ ಆ ಯಮ್ಮ. ಅವ್ಳ್ಗೆ ಗೋರಿ ಬೇಕಾಗಿರ್ನಿಲ್ಲ, ರೆಸ್ಟ್ ಬೇಕಾಗಿತ್ತು."

ಆ ಮಾತಿನ ಜೊತೆಗೇ ಬಳೆ ಮಣಿಕಟ್ಟಿಗೆ ಜಾರಿತ್ತು. ಅವರ ಅಂಗಡಿಯಲ್ಲಿ ಯಾರೂ ಅವರ ಅಭಿಪ್ರಾಯಕ್ಕೆ ಎದುರಾಡುತ್ತಿರಲಿಲ್ಲ. ಕೈ ಅವರ ಹಿಡಿತದಲ್ಲಿರುವಾಗ ಷಹಜಹಾನನ ಪರವಾಗಿ ವಾದಿಸುವ ಧೈರ್ಯ ಯಾರಿಗಿರುತ್ತದೆ?

ಆಪಾ ತೀರಿಕೊಂಡು ಎರಡು ತಿಂಗಳಾಯಿತು. ಚಾಮರಾಜನಗರದ ಅಂಗಡಿ ಬೀದಿಯಲ್ಲಿ, ಪಾತ್ರೆ ಅಂಗಡಿಗೂ ಅರಿಶಿನದ ಗೋದಾಮಿಗೂ ನಡುವೆ ಒತ್ತಿಕೊಂಡಂತೆ ಅವರ ಬಳೆ ಅಂಗಡಿ ಇತ್ತು. ಗೋದಾಮು ಅವರ ತಮ್ಮನದು. ಹಾಗಾಗಿ ಅಂಗಡಿಯ ಬಳೆಗಳಿಗೆಲ್ಲ ಅರಿಶಿನದ ವಾಸನೆ. ಕೊಳ್ಳೇಗಾಲಕ್ಕೆ ಮದುವೆಯಾಗಿ ಹೋಗಿ, ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು ಆಪಾ. ಊರಿನ ಮದುವಣಗಿತ್ತಿಯರಿಗೆಲ್ಲ, ನಮ್ಮ ಲಿಂಗಾಯತರ ಮನೆಯವರಾಗಲಿ ಅವರ ಕಡೆಯವರಾಗಲಿ, ಬಳೆ ತೊಡಿಸುತ್ತಿದ್ದ ಆ ಕೈಗಳಲ್ಲಿ ಬಳೆ ಇರಲಿಲ್ಲ. ಎಡಗೈಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ವಾಚೊಂದಿತ್ತು. ರೈಲಿನ ಟೈಮು ನೋಡಲು ಎನ್ನುತ್ತಿದ್ದರು. ರೈಲುಗಳು ಎಂದೂ ಆ ವಾಚಿನ ಮಾತು ಕೇಳಲಿಲ್ಲ.

ನಾನು ಇಲ್ಲಿನ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದಾಗ ಅವರ ಬೀದಿಯಲ್ಲೇ ಮನೆ ಸಿಕ್ಕಿತು. ಆಗಲೇ ಅವರ ತಿರುಗಾಟ ಶುರುವಾಗಿತ್ತು. ಅದು ಶುರುವಾದ ಬಗೆಯೇ ಸೊಗಸು. ಸಂಬಂಧಿಕರ ದಂಡಿನೊಡನೆ ಅಜ್ಮೀರಿನ ದರ್ಗಾಕ್ಕೆ ಹೋದವರು, ವಾಪಸು ಬರುವಾಗ ಆಗ್ರಾ ಸ್ಟೇಷನ್ನಿನಲ್ಲಿ ರೈಲು ನಿಂತಾಗ, ನೀರು ಹಿಡಿದು ಬರುತ್ತೇನೆಂದು ಇಳಿದರು. ಬಾಟಲಿ ತುಂಬಿತು. ರೈಲು ಶಿಳ್ಳೆ ಹಾಕಿತು. ಆಪಾ ಕಿಟಕಿಯ ಬಳಿ ಹೋಗಿ, "ನೀವ್ ಓಗಿರಿ, ನಾನು ಇದೊಂದ್ ನೋಡ್ಕಂಡ್ ಬತ್ತೀನಿ," ಎಂದರಂತೆ. ಸಂಬಂಧಿಕರು ಊರಿಗೆ ಬಂದು ತಮ್ಮನಿಗೆ ಸುದ್ದಿ ಮುಟ್ಟಿಸುವಾಗ ಯಾರೋ ತೀರಿಕೊಂಡವರ ಹಾಗೆ ಅತ್ತಿದ್ದರು. ಮೂರು ದಿನ ಬಿಟ್ಟು ಆಪಾ ಬಂದರು, ಆಗ್ರಾದ ಪೇಠಾ ಮಿಠಾಯಿ ಹಿಡಿದುಕೊಂಡು. ಪೇಠಾದ ಬಗ್ಗೆಯೂ ಅವರಿಗೆ ತಕರಾರಿತ್ತು. ಬೂದುಗುಂಬಳಕ್ಕೆ ಅಷ್ಟು ಬಿಲ್ಡಪ್ಪು ಬೇಕಿರಲಿಲ್ಲವಂತೆ.

ಆಮೇಲೆ ಪ್ರತಿವರ್ಷ, ಮದುವೆಗಳ ಕಾಲ ಮುಗಿದು ಅಂಗಡಿ ತಣ್ಣಗಾದ ಮೇಲೆ, ಬೆನ್ನಿಗೊಂದು ನೀಲಿ ಬ್ಯಾಗು ಏರುತ್ತಿತ್ತು. ಬುರ್ಖಾದ ಮೇಲೆ ಬ್ಯಾಗು ಹಾಕಿಕೊಂಡು ರೈಲ್ವೆ ಸ್ಟೇಷನ್ನಿಗೆ ನಡೆದುಹೋಗುವಾಗ ಹಿಂದಿನಿಂದ ನೋಡಿದವರಿಗೆ ಕಾಲೇಜು ಹುಡುಗಿ ಎನಿಸಬೇಕು. ಮುಂದಿನಿಂದ ನೋಡಿದರೆ ಅರವತ್ತರ ಹತ್ತಿರದ ಹೆಂಗಸು, ಮುಖದಲ್ಲಿ ಜಗಳಕ್ಕೆ ತಯಾರಾದ ಕಳೆ. ಬ್ಯಾಗಿನಲ್ಲಿ ಒಂದು ಜಮಖಾನ, ಅವಲಕ್ಕಿ, ನಿಂಬೆಹಣ್ಣಿನ ಉಪ್ಪಿನಕಾಯಿ, ಎರಡು ಜೊತೆ ಬಟ್ಟೆ. ಜನರಲ್ ಬೋಗಿ, ಸಿಕ್ಕರೆ ಹೆಂಗಸರ ಬೋಗಿ. ಮಲಗಲು ದರ್ಗಾ, ಛತ್ರ, ಧರ್ಮಶಾಲೆ, ಏನೂ ಇಲ್ಲದಿದ್ದರೆ ಸ್ಟೇಷನ್ನಿನ ವೇಟಿಂಗ್ ರೂಮು. ಲಾಡ್ಜು ಅವರ ಲೆಕ್ಕದಲ್ಲಿ ಕಣ್ಣು ಮುಚ್ಚಿಕೊಂಡಿರುವುದಕ್ಕೆ ಬಾಡಿಗೆ ಕೊಡುವ ಜಾಗ.

ತಮ್ಮನಿಗೆ ಇದೆಲ್ಲ ಮುಳ್ಳಿನ ಮೇಲೆ ನಿಂತಂತೆ. ಅವರು ಕೆಟ್ಟವರಲ್ಲ. ಮಂಡಿಯಲ್ಲಿ ಮರ್ಯಾದೆಯುಳ್ಳ ವ್ಯಾಪಾರಿ, ಮಸೀದಿಯ ಕಮಿಟಿಯಲ್ಲಿದ್ದವರು. ಅಕ್ಕ ಎಲ್ಲಿ ಎಂದು ಯಾರಾದರೂ ಕೇಳಿದರೆ "ಮೈಸೂರ್‌ಗೆ ಓಗವ್ಳೆ, ಚಿಕ್ಕಮ್ಮನ ಮನೇಗೆ," ಎನ್ನುತ್ತಿದ್ದರು. ಆ ಚಿಕ್ಕಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಕೇಳಿದವರು ಅವಳ ಮಣ್ಣಿಗೂ ಹೋಗಿ ಬಂದಿದ್ದವರು. ಆದರೂ "ಓ, ಅಂಗಾ," ಎಂದು ತಲೆಯಾಡಿಸುತ್ತಿದ್ದರು. ಇಡೀ ಊರಿಗೆ ಗೊತ್ತಿದ್ದ ಗುಟ್ಟನ್ನು ಇಡೀ ಊರು ಸೇರಿ ಕಾಪಾಡುತ್ತಿತ್ತು. ಅಕ್ಕ ಹಿಂದಿರುಗಿದ ದಿನ ತಮ್ಮ ಒಂದೂ ಪ್ರಶ್ನೆ ಕೇಳುತ್ತಿರಲಿಲ್ಲ. ಗೋದಾಮಿನಿಂದ ಇಣುಕಿ, ಬಂದಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ಮೂಟೆಗಳ ನಡುವೆ ಹೋಗಿಬಿಡುತ್ತಿದ್ದರು.

ಪ್ರಶ್ನೆ ಕೇಳುತ್ತಿದ್ದವಳು ನಾನು. ಶಾಲೆ ಬಿಟ್ಟು ಬರುವಾಗ ಅಂಗಡಿಯ ಹಲಗೆಯ ಮೇಲೆ ಕೂತರೆ ದೇಶದರ್ಶನವಾಗುತ್ತಿತ್ತು. ಕನ್ಯಾಕುಮಾರಿಯ ಸೂರ್ಯೋದಯಕ್ಕೆ ಹೋದಾಗ ಮೋಡ ಮುಚ್ಚಿತ್ತಂತೆ. ಸಾವಿರ ಜನ ಕ್ಯಾಮೆರಾ ಎತ್ತಿ ಹಿಡಿದು ಮೋಡವನ್ನೇ ನೋಡುತ್ತಿದ್ದರಂತೆ. "ನಾನ್ ಅವ್ರನ್ನ ನೋಡ್ದೆ. ಅದೂ ಚೆನ್ನಾಗೇ ಇತ್ತು." ಬೇಸಿಗೆಯಲ್ಲಿ ಜೋಗಕ್ಕೆ ಹೋಗಿ ಬಂಡೆ ನೋಡಿ ಬಂದಿದ್ದರು. ನೀರು ಎಲ್ಲಿ ಎಂದು ಕೇಳಿದ್ದಕ್ಕೆ ಅಲ್ಲಿಯವರು ಫೋಟೋ ತೋರಿಸಿದರಂತೆ. ಬಿಜಾಪುರದ ಗೋಲಗುಮ್ಮಟದಲ್ಲಿ ಪಿಸುಮಾತು ಏಳು ಸಲ ಕೇಳಿಸುತ್ತದೆಂದು ಅಷ್ಟು ಮೆಟ್ಟಿಲು ಹತ್ತಿದರೆ, ಮೇಲೆ ಎಲ್ಲರೂ ಕಿರುಚುತ್ತಿದ್ದರು. "ಏಳ್ ಸಲ ಕೇಳಕ್ಕೆ ಅಲ್ಲೀಗಂಟ ಯಾಕ್ ಓಗ್ಬೇಕು? ನಮ್ ತಮ್ಮ ಮನೇಲಿ ಒಂದ್ ಮಾತ್ ಅಂದ್ರೆ ಸಾಕು," ಎಂದು ಗೋದಾಮಿನ ಗೋಡೆಯ ಕಡೆ ಕಣ್ಣು ಮಿಟುಕಿಸಿದ್ದರು.

ಹೈದರಾಬಾದಿಗೆ ಹೋಗಿ ಬಂದಾಗ ಮಾತ್ರ ಇಡೀ ವಾರ ಮಾತು ನಿಲ್ಲಲಿಲ್ಲ. ಅಲ್ಲಿಯ ಬಳೆ ಬಜಾರು, ಅರಗಿನ ಬಳೆಗೆ ಬಿಸಿಯಲ್ಲೇ ಕಲ್ಲು ಕೂರಿಸುವ ಬೆರಳುಗಳು, ಬೀದಿಗೆ ಬೀದಿಯೇ ಮಿರುಗುವುದು. ಕೊನೆಗೆ ನಾನೇ ತಡೆದು ಕೇಳಿದೆ:

"ಚಾರ್ಮಿನಾರು ಹೇಗಿದೆ ಆಪಾ?"

ಅವರು ಸ್ವಲ್ಪ ಯೋಚಿಸಿದರು. "ಅದೆ ಅದೆ. ಅಲ್ಲೇ ಪಕ್ಕದಲ್ಲೇ ನಿಂತಿತ್ತು."

ಪೂರ್ತಿ ನಂಬರು ಕೊಟ್ಟದ್ದು ಅಮೃತಸರಕ್ಕೆ. ಅಲ್ಲಿಯ ಗುಡಿಯ ಚಿನ್ನದ ಬಗ್ಗೆ ಒಂದಕ್ಷರವೂ ಇಲ್ಲ. ಬಂದವರಿಗೆಲ್ಲ ಮಲಗಲು ಜಾಗ ಕೊಟ್ಟು, ನೆಲದ ಮೇಲೆ ಸಾಲಾಗಿ ಕೂರಿಸಿ ರೊಟ್ಟಿ ದಾಲ್ ಬಡಿಸುತ್ತಾರೆ ಎಂಬುದೇ ಅವರಿಗೆ ಲೋಕದ ಅದ್ಭುತ. ಒಂದು ದಿನಕ್ಕೆಂದು ಹೋದವರು ನಾಲ್ಕು ದಿನ ಉಳಿದು, ತಟ್ಟೆ ತೊಳೆಯುವವರ ಸಾಲಿನಲ್ಲಿ ಕೂತು, ಪಕ್ಕದ ಪಂಜಾಬಿ ಹೆಂಗಸಿನೊಡನೆ ತಟ್ಟೆ ಸರಿಯಾಗಿ ತೊಳೆದಿಲ್ಲವೆಂದು ಜಗಳವಾಡಿ ಬಂದಿದ್ದರು. ಯಾವ ಭಾಷೆಯಲ್ಲಿ ಜಗಳವಾಡಿದಿರಿ ಎಂದು ಕೇಳಿದೆ. "ಉರ್ದುವಲ್ಲಿ ಶುರು ಮಾಡ್ದೆ. ಸಿಟ್ ಬಂದ್ಮೇಲೆ ಕನ್ನಡ ಬಂದ್ಬುಡ್ತು. ಅವ್ಳ್ಗೆ ಅರ್ಥ ಆಯ್ತು."

ಹೀಗಿರುವಾಗ ತಮ್ಮನ ಮಗಳಿಗೆ ಗುಂಡ್ಲುಪೇಟೆಯಿಂದ ಸಂಬಂಧ ಬಂತು. ಹೆದ್ದಾರಿಯ ಮೇಲೆ ಲಾರಿ ಬಸ್ಸುಗಳ ಸೀಟು ಹೊಲಿಯುವ ವರ್ಕ್‌ಶಾಪ್ ಇದ್ದ ಮನೆತನ. ಹುಡುಗ ಒಳ್ಳೆಯವನು. ಹುಡುಗನ ತಾಯಿ ಮಾತ್ರ ಕಟ್ಟುನಿಟ್ಟಿನ ಹೆಂಗಸು, ಮನೆಯ ಹೊಸಿಲು ದಾಟುವುದೇ ಅಪರೂಪ ಎಂದು ಹೆಸರಾಗಿದ್ದವರು. ತಮ್ಮನಿಗೆ ನಿದ್ದೆ ಹಾರಿತು. ಒಂದು ಸಂಜೆ ಅಂಗಡಿಗೆ ಬಂದು, ನಾನಿರುವುದನ್ನೂ ನೋಡದೆ, ಅಕ್ಕನ ಮುಂದೆ ನಿಂತರು.

"ಹುಡ್ಗಿ ಸೋದರತ್ತೆ ಒಬ್ಳೇ ದೇಸ ಸುತ್ತುತಾಳೆ ಅಂತ ಗೊತ್ತಾದ್ರೆ ಅವ್ರು ಏನಂತಾರೆ? ಆ ಮಗೂಗೆ ಅಮ್ಮನೂ ನೀನೇ, ಅತ್ತೆನೂ ನೀನೇ. ನಿಕಾ ಆಗೋಗಂಟ ಎಲ್ಗೂ ಓಗ್ಬ್ಯಾಡ. ಕೈ ಮುಗೀತೀನಿ."

ತಾಯಿಯಿಲ್ಲದ ಹುಡುಗಿ ಅದು. ತೊಟ್ಟಿಲಿನಿಂದ ಸಾಕಿದ್ದು ಆಪಾ. ಅವರು ಜಗಳವಾಡುತ್ತಾರೆಂದು ಕಾದೆ. ಆಡಲಿಲ್ಲ. ಬಳೆಯ ಕಟ್ಟೊಂದನ್ನು ಬಿಚ್ಚಿ ಮತ್ತೆ ಕಟ್ಟುತ್ತ, "ಆಯ್ತು ಬುಡು," ಎಂದರು. "ಇನ್ನೇನ್ ಉಳ್ದದೆ ಮಹಾ. ಎಲ್ಲಾ ನೋಡಾಯ್ತು."

ನೋಡಾಗಿರಲಿಲ್ಲ. ಆ ವರ್ಷ ಕಾಶಿಗೆ ಹೋಗಬೇಕೆಂದಿದ್ದರು. ಗಂಗೆ ಅಷ್ಟು ಕೊಳಕೆಂದು ಹೇಳುತ್ತಾರಲ್ಲ, ನಿಜವೋ ಸುಳ್ಳೋ ನೋಡಬೇಕೆಂದು. ಮಾತುಕತೆಯಾದ ಮೇಲೆ ಹುಡುಗನ ಅಣ್ಣನಿಗೆ ದುಬೈಯಿಂದ ರಜೆ ಸಿಗದೆ ಮದುವೆ ಮುಂದಕ್ಕೆ ಹೋಯಿತು. ಒಂದು ವರ್ಷ ಪೂರ್ತಿ ನೀಲಿ ಬ್ಯಾಗು ಗೂಟದಲ್ಲಿ ನೇತಾಡಿತು. ಆಪಾ ಒಳಗೊಳಗೇ ಒಣಗಿದರು. ಅಂಗಡಿಯಲ್ಲಿ ಮಾತು ಕಡಿಮೆಯಾಯಿತು, ಬಳೆ ಒಡೆಯುವುದು ಹೆಚ್ಚಾಯಿತು. ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂಡೀಪುರದ ಸಫಾರಿಗೆ ಹೋಗಿಬಂದಾಗ ನನ್ನನ್ನು ಹಿಡಿದು ಕೂರಿಸಿಕೊಂಡರು.

"ಹುಲಿ ಕಂಡ್ತಾ?"

"ಇಲ್ಲ ಆಪಾ. ಹುಲಿಯ ಹೆಜ್ಜೆ ತೋರಿಸಿದರು."

"ಹೆಜ್ಜೆ!" ಎಂದು ನಕ್ಕರು. ಎಷ್ಟೋ ದಿನದ ಮೇಲೆ ನಕ್ಕಿದ್ದರು. ಆಮೇಲೆ ಕಾಡು ಹೇಗಿತ್ತು, ಗಾಡಿಯಲ್ಲಿ ಯಾರು ಎಲ್ಲಿ ಕೂತಿದ್ದರು, ಡ್ರೈವರು ಏನಂದ ಎಂದು ಕೇಳಿದ್ದೇ ಕೇಳಿದ್ದು. ಅವರ ಬದಲಿಗೆ ನಾನು ಹೋಗಿ ಬಂದೆನೇನೋ ಎಂಬಂತೆ.

ನಿಕಾಕ್ಕೆ ವಾರವಿದೆ ಎನ್ನುವಾಗ ಗುಂಡ್ಲುಪೇಟೆಯ ಹೆಂಗಸರು ಬಳೆಗಾಗಿ ಅಂಗಡಿಗೇ ಬಂದರು. ಎಲ್ಲರಿಗಿಂತ ಮುಂದೆ ಹುಡುಗನ ತಾಯಿ, ಬೀಗಿತಿ. ತಮ್ಮ ಗೋದಾಮಿನ ಬಾಗಿಲಲ್ಲಿ ನಿಂತು ಶರಬತ್ತಿಗೆ ಹೇಳಿ ಕಳಿಸುತ್ತಿದ್ದರು. ನಾನು ಅಂಗಡಿಯ ಮೂಲೆಯಲ್ಲಿ ಡಬ್ಬಿಗಳನ್ನು ಇಳಿಸಿಕೊಡುತ್ತಿದ್ದೆ. ಬೀಗಿತಿ ಹಲಗೆಯ ಮೇಲೆ ಕೂತು ಕೈ ನೀಡಿದರು. ಆಪಾ ಅಂಗೈ ಹಿಡಿದು ಬಳೆ ಏರಿಸತೊಡಗಿದರು. ಅರ್ಧ ದಾರಿಯಲ್ಲಿ ಬೀಗಿತಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಅಂದರು:

"ನೀವೇ ಅಂತಲ್ಲ, ಒಬ್ರೇ ಓಗಿ ತಾಜ್ ಮಹಲ್ ನೋಡ್ಕಂಡ್ ಬಂದೋರು?"

ಗೋದಾಮಿನ ಬಾಗಿಲಲ್ಲಿ ತಮ್ಮನ ಮುಖ ಬೆಳ್ಳಗಾಯಿತು. ಆಪಾ ಕೈ ಬಿಡಲಿಲ್ಲ. ಬಳೆಯನ್ನೂ ಬಿಡಲಿಲ್ಲ.

"ಹೂಂ. ನಾನೇಯ."

"ನಮ್ಗೆ ಮೊದಲ್ನೇ ದಿವ್ಸದಿಂದ ಗೊತ್ತು," ಎಂದರು ಬೀಗಿತಿ. "ನಿಮ್ ಸಂಬಂಧ ಬಂದಾಗ್ಲೇ ಹೇಳಿದ್ರು." ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ದನಿ ತಗ್ಗಿಸಿ, "ಒಂದ್ ಮಾತ್ ಕೇಳ್ತೀನಿ. ಅಷ್ಟ್ ದೂರ ರೈಲಲ್ಲಿ… ಆ ಹೆಂಗಸ್ರ ಡಬ್ಬೀಲಿ ಕಕ್ಕಸ್ಸು ಹೆಂಗಿರ್ತದೆ? ಓಗ್ಬೋದಾ?"

ಆಪಾ ಬೀಗಿತಿಯ ಮುಖವನ್ನು ಒಂದು ಕ್ಷಣ ನೋಡಿದರು. ಬಳೆ ಸರಕ್ಕನೆ ಏರಿತು.

"ಬೆಳಗಿನ ಜಾವಕ್ಕೆ ಮುಂಚೆ ಓದ್ರೆ ಓಗ್ಬೋದು. ಆಮೇಕೆ ಅಲ್ಲಾನೇ ಕಾಪಾಡ್ಬೇಕು."

ಮನೆಯ ಹೊಸಿಲು ದಾಟದವರು ಎಂದು ಹೆಸರಾದ ಹೆಂಗಸು ಏಕೆ ದಾಟಿರಲಿಲ್ಲವೆಂದು ಆವತ್ತು ತಿಳಿಯಿತು. ಕರೆದುಕೊಂಡು ಹೋಗುವವರು ಯಾರೂ ಇರಲಿಲ್ಲ, ಅಷ್ಟೆ. ಅವರ ವರ್ಕ್‌ಶಾಪಿನಲ್ಲಿ ಊರೂರು ಸುತ್ತುವ ಬಸ್ಸುಗಳಿಗೆಲ್ಲ ಸೀಟು ಹೊಲಿದಿದ್ದರು. ಕೂತು ಹೋದದ್ದು ಮಾತ್ರ ಮೈಸೂರಿನ ಆಸ್ಪತ್ರೆಯ ತನಕ.

ನಿಕಾ ಸಾಂಗವಾಗಿ ನಡೆಯಿತು. ಬೀಗರೂಟದ ಗಲಾಟೆ ಮುಗಿದ ಮೇಲೆ ಆಪಾ ಗುಂಡ್ಲುಪೇಟೆಗೆ ಹೋಗಿ ಬೀಗಿತಿಯನ್ನು ಹೊರಡಿಸಿದರು. ಮೊದಲ ಪ್ರವಾಸವಾದ್ದರಿಂದ ಹತ್ತಿರದ್ದೇ ಇರಲಿ ಎಂದು ಗೋಪಾಲಸ್ವಾಮಿ ಬೆಟ್ಟ. ನನ್ನನ್ನೂ ಎಳೆದುಕೊಂಡರು. "ನಿಮ್ ದೇವ್ರು, ನೀನಿದ್ರೆ ವಾಸಿ," ಎಂದರು. ದಾರಿಯಲ್ಲಿ ಸೂರ್ಯಕಾಂತಿ ಹೊಲಗಳ ಮುಂದೆ ಕೇರಳದ ಕಾರುಗಳು ಸಾಲಾಗಿ ನಿಂತಿದ್ದವು. ಗಂಡ ಹೆಂಡತಿ ಮಕ್ಕಳು ಹೂಗಳ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬೀಗಿತಿ ಬಸ್ಸಿನ ಕಿಟಕಿಯಿಂದ ಬೆರಗಾಗಿ, "ನಮ್ಮೂರ್ ನೋಡಕ್ಕೂ ಬತ್ತಾರಾ!" ಎಂದರು. ಆಪಾ, "ಪಾಪ, ಅವ್ರ್ಗೂ ಯಾರೋ ಸುಳ್ ಹೇಳವ್ರೆ," ಎಂದರು.

ಬೆಟ್ಟದ ಬುಡದಲ್ಲಿ ಬಸ್ಸು ಬದಲಾಯಿಸಿ ಮೇಲೆ ಹೋದರೆ ಏನೂ ಇಲ್ಲ. ಅಂದರೆ ಇತ್ತು, ಕಾಣುತ್ತಿರಲಿಲ್ಲ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗೋಪುರ ಯಾರೋ ಒರೆಸಿಬಿಟ್ಟಂತೆ ಅರ್ಧ ಮಾತ್ರ ಉಳಿದಿತ್ತು. ನಾನು ಒಳಗೆ ಹೋಗಿ ಕೈಮುಗಿದು ಬರುವಷ್ಟರಲ್ಲಿ ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಒಂದೇ ಜಮಖಾನ ಹೊದ್ದುಕೊಂಡು ಅವಲಕ್ಕಿ ತಿನ್ನುತ್ತಿದ್ದರು. ಬೆಂಗಳೂರಿನ ಕಡೆಯವನೊಬ್ಬ ಬಂದು, ಇಲ್ಲಿಂದ ಕಾಡು ಕಾಣುತ್ತದಂತಲ್ಲ, ಯಾವ ಕಡೆ ಎಂದು ಕೇಳಿದ. ಆಪಾ ಗಂಭೀರವಾಗಿ ಬಿಳಿಯ ಗೋಡೆಯಂಥ ಮಂಜಿನ ಕಡೆ ಬೆರಳು ತೋರಿಸಿ, "ಅಗಳಪ್ಪಾ, ಪೂರಾ ಕಾಡೇಯ," ಎಂದರು. ಅವನು ಅದರದೂ ಫೋಟೋ ತೆಗೆದುಕೊಂಡ.

"ಹೇಗಿದೆ ಆಪಾ ಜಾಗ?" ಎಂದು ನಾನು ಕೇಳಿದೆ, ಟೀಕೆಗೆ ತಯಾರಾಗಿ.

ಮಂಜು ಅವರ ರೆಪ್ಪೆಯ ಮೇಲೆ ಹನಿಯಾಗಿ ಕೂತಿತ್ತು. "ಚೆನ್ನಾಗದೆ ಕಣಮ್ಮಿ," ಎಂದರು. "ಇಲ್ಲಿ ಮೋಸ ಇಲ್ಲ. ಏನೂ ತೋರ್ಸ್ತೀನಿ ಅಂತ ಕರ್ದೇ ಇಲ್ಲ."

ಬೀಗಿತಿಗೆ ಮಾತ್ರ ಎಲ್ಲವೂ ಅದ್ಭುತ. ಮಂಜು ಅದ್ಭುತ, ಬಸ್ಸಿನ ತಿರುವು ಅದ್ಭುತ, ಅವಲಕ್ಕಿಯೂ ಅದ್ಭುತ. ಆಮೇಲೆ ಇಬ್ಬರೂ ಕೂಡಿ ಕಾಶಿಗೆ ಹೋದರು, ಜೈಪುರಕ್ಕೆ ಹೋದರು. ಒಂದೇ ಜಾಗಕ್ಕೆ ಹೋಗಿಬಂದು ಎರಡು ಬೇರೆ ದೇಶಗಳ ಸುದ್ದಿ ಹೇಳುತ್ತಿದ್ದರು. ತಮ್ಮ ಈಗ ಬಾಯಿ ಬಿಡುವಂತಿರಲಿಲ್ಲ, ಜೊತೆಗೆ ಹೊರಟವರು ಬೀಗಿತಿ. ಯಾರಾದರೂ ಕೇಳಿದರೆ "ಬೀಗ್ರ ಮನೇಗೆ ಓಗವ್ಳೆ," ಎನ್ನುತ್ತಿದ್ದರು. ಮೊದಲಿಗಿಂತ ಅದು ನಿಜಕ್ಕೆ ಸ್ವಲ್ಪ ಹತ್ತಿರವಿತ್ತು.

ಮುಂದಿನ ವರ್ಷ ಆಪಾಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿಯಿತು. ತಿಳಿದಾಗ ತಡವಾಗಿತ್ತು. ಮೈಸೂರಿನ ಆಸ್ಪತ್ರೆಯ ವಾರ್ಡಿನಲ್ಲಿ ಅವರ ಮಂಚದ ಪಕ್ಕದ ಕಿಟಕಿಯಿಂದ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ನರ್ಸೊಬ್ಬಳು ಕಿಟಕಿ ತೆರೆದು, "ನೋಡಿ ಅಮ್ಮಾ, ಎಂಥಾ ವ್ಯೂ ಸಿಕ್ಕಿದೆ ನಿಮಗೆ," ಎಂದಳು. ಆಪಾ ನೋಡಿ, "ಕರೆಂಟ್ ಕಂಬ ಅಡ್ಡ ಬತ್ತದೆ," ಎಂದರು.

ನನ್ನ ಕೈ ಅವರ ಕೈಯಲ್ಲಿತ್ತು. ಅಭ್ಯಾಸದಂತೆ ಅಂಗೈ ಒತ್ತುತ್ತಿದ್ದರು, ಹಿಡಿತ ಮಾತ್ರ ಇರಲಿಲ್ಲ. ಎಷ್ಟೋ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ. "ನೋಡಿದ್ದರಲ್ಲೆಲ್ಲ ಯಾವುದು ಚೆನ್ನಾಗಿತ್ತು ಆಪಾ?"

"ಯಾವ್ದೂ ಅಷ್ಟೇನ್ ಇರ್ನಿಲ್ಲ ಕಣಮ್ಮಿ," ಎಂದರು. ಉಸಿರು ತೆಗೆದುಕೊಂಡು, "ಆದ್ರೆ ಅದ್ನ ಬ್ಯಾರೇರ್ ಬಾಯಲ್ಲಿ ಕೇಳ್ಬಾರ್ದು. ನಾನೇ ಓಗಿ ನೋಡ್ಬುಟ್ಟು ಹೇಳ್ಬೇಕು," ಎಂದರು.

ಮಣ್ಣು ಮಾಡಿದ ಮೂರನೆಯ ದಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಹೊರಗೆ ಗಂಡಸರು, ಒಳಗೆ ಹೆಂಗಸರು. ನಾನೂ ಬೀಗಿತಿಯೂ ಬಾಗಿಲ ಹತ್ತಿರದ ಚಾಪೆಯಲ್ಲಿದ್ದೆವು. ಹೊರಗಿನಿಂದ ತಮ್ಮನ ದನಿ ಕೇಳುತ್ತಿತ್ತು. ಬಂದವರಿಗೆಲ್ಲ ಹೇಳುತ್ತಿದ್ದರು:

"ನಮ್ಮಕ್ಕ ಇಡೀ ಇಂಡಿಯಾ ನೋಡವ್ಳೆ. ತಾಜ್ ಮಹಲ್ ಮುಂದೆ ನಿಂತ್ಕಂಡು ಅತ್ಬುಟ್ಳಂತೆ, ಅಷ್ಟ್ ಚೆನ್ನಾಗದಂತೆ. ಜೋಗದ್ ನೀರು ಮೈಮೇಲೆ ಬಿತ್ತಂತೆ. ಕಾಶ್ಮೀರ್ದಲ್ಲಿ ದೋಣಿ ಮನೇಲಿದ್ಲು…"

ಕಾಶ್ಮೀರಕ್ಕೆ ಆಪಾ ಹೋಗಿಯೇ ಇರಲಿಲ್ಲ. ಬೀಗಿತಿ ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಮೊಣಕೈ ಮುಟ್ಟಿದೆ. ಯಾರೋ ಹಿರಿಯರು ಬಾಗಿಲಿನತ್ತ ತಿರುಗಿ, "ಹೌದಾ ಮಿಸ್?" ಎಂದು ಕೇಳಿದರು. ಕನ್ನಡ ಟೀಚರ ಮಾತೆಂದರೆ ಊರಿನಲ್ಲಿ ಇನ್ನೂ ಸ್ವಲ್ಪ ಬೆಲೆಯಿದೆ. "ಹೌದು," ಎಂದೆ.

ಜನ ಚದುರಿದ ಮೇಲೆ ತಮ್ಮ ಒಳಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಮಿಸ್. ಅಷ್ಟ್ ದೂರ ಓಯ್ತಿದ್ಲಲ್ಲ… ರಾತ್ರೆ ಎಲ್ ಮಲಗ್ತಿದ್ಲು?"

ಇಷ್ಟು ವರ್ಷ ಕೇಳದ ಪ್ರಶ್ನೆ. ಗೋದಾಮಿನ ಬಾಗಿಲಿನಿಂದ ಇಣುಕಿ ಹಿಂದೆ ಸರಿಯುತ್ತಿದ್ದ ಮನುಷ್ಯ ಏನನ್ನು ಹೊತ್ತುಕೊಂಡು ತಿರುಗಿದ್ದರೆಂದು ಆಗ ನನಗೆ ಕಂಡಿತು. ಅಮೃತಸರದ ದೊಡ್ಡ ಹಜಾರದ ಬಗ್ಗೆ ಹೇಳಿದೆ, ಸಾಲಾಗಿ ಮಲಗಿದ ಹೆಂಗಸರ ನಡುವೆ ಇವರ ಜಮಖಾನ. ನಾಗಪುರದ ವೇಟಿಂಗ್ ರೂಮಿನಲ್ಲಿ ಯಾರದೋ ಕೂಸು ಇವರ ತೊಡೆಯ ಮೇಲೇ ಬೆಳಗಿನವರೆಗೆ ನಿದ್ದೆ ಮಾಡಿದ್ದನ್ನು ಹೇಳಿದೆ.

"ಭಯ ಆಗ್ತಿರ್ಲಿಲ್ವಾ ಅವ್ಳ್ಗೆ?"

"ಆಗೋದು," ಎಂದರು ಬೀಗಿತಿ. "ನನ್ ಕೈ ಇಡ್ಕಂಡ್ ಮಲಗೋರು. ಬೆಳಿಗ್ಗೆ ಎದ್ದು, ನಿಮ್ಗೇ ಭಯ ಆಗಿತ್ತು ಅನ್ನೋರು."

ತಮ್ಮ ನಗಲು ಹೋಗಿ ಮುಖ ಒರೆಸಿಕೊಂಡರು. ಒಳಗಿನಿಂದ ಯಾರೋ ಚಹಾಕ್ಕೆ ಕರೆದರು. ಅವರು ಕೈ ಎತ್ತಿ ಸನ್ನೆ ಮಾಡಿ, ಇಬ್ಬರ ಎದುರಿಗೆ ಬರಿ ನೆಲದ ಮೇಲೆ ಕೂತುಕೊಂಡರು.

"ಆಮೇಲೆ?" ಎಂದರು.